ನೂಲು, ಗುಂಡುಸೂಜಿ ಮತ್ತು ಇನ್ನೊಬ್ಬರ ದುಡಿಮೆ: ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಕಲಿಸುವ ಬಗೆ

(ಉಡುಪಿಯಲ್ಲಿ ಇಂಜಿನಿಯರಿಂಗ್ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯ ಸಹೋದ್ಯೋಗಿಗಳೇ, ವಿದ್ಯಾರ್ಥಿ ಮಿತ್ರರೇ,

ಈ ಮೇಜಿನ ಮೇಲಿರುವ ದಪ್ಪ ರಟ್ಟನ್ನು ಮೊದಲು ನೋಡಿ. ಇದರ ಮೇಲೆ ನಮ್ಮ ವಿದ್ಯಾರ್ಥಿಗಳು ಉಡುಪಿಯ ಒಂದು ಹೋಟೆಲಿನ ಅಡುಗೆಮನೆಯ ನಕ್ಷೆಯನ್ನು ಮೀಟರಿಗೆ ಎರಡು ಸೆಂಟಿಮೀಟರಿನ ಅಳತೆಯಲ್ಲಿ ಬರೆದಿದ್ದಾರೆ. ಕಾವಲಿ, ಹಿಟ್ಟಿನ ಪಾತ್ರೆ, ಪಲ್ಯದ ಪಾತ್ರೆ, ಚಟ್ನಿ, ನೀರಿನ ನಳ, ತಟ್ಟೆ ಇಡುವ ಕಟ್ಟೆ, ಹೀಗೆ ಒಂದೊಂದರ ಜಾಗದಲ್ಲಿಯೂ ಒಂದೊಂದು ಗುಂಡುಸೂಜಿ ಚುಚ್ಚಿದೆ. ದೋಸೆ ಎರೆಯುವ ಭಟ್ಟರು ಕಾವಲಿಯಿಂದ ಪಲ್ಯದ ಕಡೆಗೆ ನಡೆದಾಗಲೆಲ್ಲ ಕೆಂಪು ನೂಲನ್ನು ಒಂದು ಸೂಜಿಯಿಂದ ಇನ್ನೊಂದಕ್ಕೆ ಎಳೆಯಬೇಕು, ಅವರು ಮರಳಿದಾಗ ನೂಲೂ ಮರಳಬೇಕು. ಬೆಳಗಿನ ಏಳೂವರೆಯಿಂದ ಒಂಬತ್ತರವರೆಗೆ ಒಂದೂವರೆ ಗಂಟೆ ಹೀಗೆ ಸುತ್ತಿದ ನೂಲನ್ನು ಬಿಚ್ಚಿ ಅಳೆದಾಗ ಅದು 16 ಮೀಟರ್ ಇತ್ತು. ಅಂದರೆ ಆ ಭಟ್ಟರು ನಾಲ್ಕು ಗೋಡೆಗಳ ನಡುವೆ 800 ಮೀಟರ್ ನಡೆದಿದ್ದರು. ಅದರಲ್ಲಿ ಸುಮಾರು 250 ಮೀಟರ್ ಪಲ್ಯದ ಪಾತ್ರೆಗಾಗಿಯೇ ನಡೆದದ್ದು.

ಪಲ್ಯದ ಪಾತ್ರೆಯನ್ನು ಕಾವಲಿಯ ಪಕ್ಕಕ್ಕೆ ತಂದರಾಯಿತು ಎಂದು ವಿದ್ಯಾರ್ಥಿಗಳು ವರದಿ ಬರೆದರು. ತರಗತಿಯೊಳಗೆ ಅದಕ್ಕೆ ಪೂರ್ಣ ಅಂಕ ಸಿಗುತ್ತಿತ್ತು. ಆದರೆ ವರದಿಯನ್ನು ನನಗೆ ಒಪ್ಪಿಸುವ ಮೊದಲು ಭಟ್ಟರಿಗೆ ತೋರಿಸಬೇಕೆಂಬುದು ನಮ್ಮಲ್ಲಿ ಕಟ್ಟಳೆ. ಅವರು ರಟ್ಟನ್ನು ಕೈಗೆ ತೆಗೆದುಕೊಂಡು, ನೂಲು ದಟ್ಟವಾಗಿದ್ದ ಜಾಗವನ್ನು ಬೆರಳಿನಿಂದ ಸವರಿ, "ಕಾವಲಿಯ ಹತ್ತಿರ ಇಟ್ಟರೆ ಆ ಕಾವಿಗೆ ಪಲ್ಯ ಹಳಸುತ್ತದೆ ಮಗಾ, ಹನ್ನೊಂದು ಗಂಟೆಯ ಮೇಲೆ ವಾಸನೆ ಬರುತ್ತದೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಧ ಗಂಟೆಗೆ ಸಾಕಾಗುವಷ್ಟು ಪಲ್ಯವನ್ನು ಸಣ್ಣ ಪಾತ್ರೆಯಲ್ಲಿ ಕೈಗೆಟಕುವಂತೆ ಇಟ್ಟುಕೊಳ್ಳಬಹುದು ಎಂದು ಅವರೇ ಹೇಳಿದರು. ಪಾತ್ರೆ ದೂರವಿರುವುದಕ್ಕೆ ಕಾರಣವಿತ್ತು. ಆ ಕಾರಣ ಗೊತ್ತಿದ್ದದ್ದು ಅವರಿಗೆ. ದಿನವೂ ಎಷ್ಟು ನಡೆಯುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅದನ್ನು ನೂಲು ತೋರಿಸಿತು. ಇವೆರಡೂ ಒಂದೆಡೆ ಸೇರಿದಾಗ ಪರಿಹಾರ ತಾನಾಗಿ ಬಂತು.

ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ನಮ್ಮ ವಿಷಯದ ಪ್ರಯೋಗಶಾಲೆ ಎಂದರೆ ಇನ್ನೊಬ್ಬರ ದುಡಿಮೆ. ಅಲ್ಲಿಗೆ ವಿದ್ಯಾರ್ಥಿಯನ್ನು ಕರೆದೊಯ್ಯಬೇಕು, ನಿಂತು ನೋಡುವುದನ್ನು ಕಲಿಸಬೇಕು, ಅಳೆದದ್ದನ್ನು ಅಳೆಸಿಕೊಂಡವರಿಗೇ ಮೊದಲು ಒಪ್ಪಿಸುವಂತೆ ಮಾಡಬೇಕು.

ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಎಂದರೆ ಏನೆಂದು ಪ್ರವೇಶದ ಸಮಯದಲ್ಲಿ ಹೆತ್ತವರು ಕೇಳುತ್ತಾರೆ. ಜನ, ಯಂತ್ರ, ಸಾಮಗ್ರಿ, ಜಾಗ ಮತ್ತು ಸಮಯ ಒಂದಕ್ಕೊಂದು ಹೊಂದಿಕೊಂಡು ನಡೆಯುವಂತೆ ಕೆಲಸವನ್ನು ಏರ್ಪಡಿಸುವ ವಿದ್ಯೆ ಎಂದು ನಾನು ಉತ್ತರಿಸುತ್ತೇನೆ. ಈ ವಿದ್ಯೆ ಹುಟ್ಟಿದ್ದು ಕೆಲಸದ ಜಾಗದಲ್ಲಿ. ಫ್ರೆಡರಿಕ್ ಟೇಲರ್ 1880ರ ದಶಕದಲ್ಲಿ ಫಿಲಡೆಲ್ಫಿಯಾದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಗಡಿಯಾರ ಹಿಡಿದು ಕೆಲಸವನ್ನು ಅಳೆಯಲು ತೊಡಗುವ ಮೊದಲು ಅದೇ ಕಾರ್ಖಾನೆಯಲ್ಲಿ ಕೆಲಸಗಾರನಾಗಿ ದುಡಿದಿದ್ದರು. ಫ್ರಾಂಕ್ ಗಿಲ್ಬ್ರೆತ್ 1885ರಲ್ಲಿ, ತಮ್ಮ 17ನೇ ವಯಸ್ಸಿನಲ್ಲಿ, ಇಟ್ಟಿಗೆ ಕಟ್ಟುವ ಕೆಲಸಕ್ಕೆ ಸೇರಿದರು. ತನಗೆ ಕಲಿಸಿದ ಮೇಸ್ತ್ರಿಗಳು ಒಬ್ಬೊಬ್ಬರೂ ಒಂದೊಂದು ರೀತಿಯಲ್ಲಿ ಇಟ್ಟಿಗೆ ಇಡುವುದನ್ನು ಕಂಡು, ಒಂದು ಇಟ್ಟಿಗೆ ಇಡಲು ಬೇಕಾಗುತ್ತಿದ್ದ 18 ಚಲನೆಗಳನ್ನು ಅವರು 5ಕ್ಕೆ ಇಳಿಸಿದರು. ಗೋಡೆ ಏರಿದಂತೆ ಏರಿಸಬಹುದಾದ ಅಟ್ಟಣಿಗೆಯನ್ನು ರೂಪಿಸಿ, ಪ್ರತಿ ಇಟ್ಟಿಗೆಗೂ ನೆಲದವರೆಗೆ ಬಗ್ಗುವ ಕಷ್ಟವನ್ನು ತಪ್ಪಿಸಿದರು. ಅವರ ಪತ್ನಿ ಲಿಲಿಯನ್ ಗಿಲ್ಬ್ರೆತ್ 1915ರಲ್ಲಿ ಮನಃಶಾಸ್ತ್ರಕ್ಕೆ ಸಂಬಂಧಿಸಿದ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದವರು. ದುಡಿಯುವವರ ದಣಿವನ್ನು ಅಧ್ಯಯನದ ವಸ್ತುವಾಗಿ ಮಾಡಿದ ಶ್ರೇಯಸ್ಸಿನ ದೊಡ್ಡ ಪಾಲು ಅವರಿಗೆ ಸಲ್ಲಬೇಕು. ಅಮೆರಿಕದ ಪೆನ್ಸಿಲ್ವೇನಿಯಾದ ಸರ್ಕಾರಿ ಕಾಲೇಜಿನಲ್ಲಿ 1909ರಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗ ತೆರೆದ ಮೇಲೆ ಅದು ಪದವಿಯಾಯಿತು, ಪದವಿಯಾದಂತೆ ಮೆಲ್ಲನೆ ಪುಸ್ತಕದೊಳಗೆ ಸೇರಿತು.

ಪುಸ್ತಕದ ಬಗ್ಗೆ ನನಗೆ ಅಗೌರವವಿಲ್ಲ. ಆದರೆ ಸರದಿ ಸಾಲಿನ ಮೂವತ್ತು ಲೆಕ್ಕಗಳನ್ನು ಬಿಡಿಸಿದ ವಿದ್ಯಾರ್ಥಿ ಒಂದೇ ಒಂದು ಸಾಲನ್ನೂ ಎಣಿಸಿರುವುದಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಕೆಲಸದ ಅಧ್ಯಯನದ ಪ್ರಯೋಗಾಲಯದಲ್ಲಿ ತೂತುಗಳಿರುವ ಹಲಗೆಗೆ 30 ಗೂಟಗಳನ್ನು ಒಂದು ಕೈಯಲ್ಲಿ, ಆಮೇಲೆ ಎರಡೂ ಕೈಗಳಲ್ಲಿ ತುಂಬಿಸುವ ಪ್ರಯೋಗವಿದೆ. ಅದು ಒಳ್ಳೆಯ ಪ್ರಯೋಗವೇ. ಆದರೆ ವರ್ಷದಿಂದ ವರ್ಷಕ್ಕೆ ರೆಕಾರ್ಡ್ ಪುಸ್ತಕಗಳಲ್ಲಿ ಒಂದೇ ಸರಾಸರಿ, ಒಂದೇ ದಶಮಾಂಶ ಕಾಣತೊಡಗಿದಾಗ, ವಿದ್ಯಾರ್ಥಿಗಳು ಹಿಂದಿನ ತಂಡದ ಪುಸ್ತಕವನ್ನು ನಕಲು ಮಾಡುತ್ತಿದ್ದಾರೆ ಎಂದು ತಿಳಿಯುತ್ತದೆ. ಹಲಗೆಗೆ ದಣಿವಾಗುವುದಿಲ್ಲ, ಅದು ಯಾರಿಗೂ ಎದುರು ಮಾತನಾಡುವುದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು, ಏಕೆಂದರೆ ನಾನು ಕಲಿಸುವ ರೀತಿ ಬದಲಾದದ್ದು ಅದರಿಂದ. ಹಲವು ವರ್ಷಗಳ ಹಿಂದೆ ಮಂಗಳೂರಿನ ಹೊರವಲಯದ ಒಂದು ಗೇರುಬೀಜದ ಕಾರ್ಖಾನೆಗೆ ವಿದ್ಯಾರ್ಥಿಗಳನ್ನು ಕರೆದೊಯ್ದಿದ್ದೆ. ಗೇರುಬೀಜದ ಕೆಲಸವನ್ನು ನೋಡದವರಿಗೆ ಒಂದು ಮಾತು: ಬೀಜವನ್ನು ಬೇಯಿಸಿ, ಸಿಪ್ಪೆ ಒಡೆದು, ಬೋರ್ಮ ಎಂಬ ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿ, ಮೇಲಿನ ತೆಳುವಾದ ಕೆಂಪು ಪೊರೆಯನ್ನು ಬಿಡಿಸಿ, ಕೊನೆಗೆ ಗಾತ್ರ ಮತ್ತು ಬಣ್ಣ ನೋಡಿ ವಿಂಗಡಿಸುತ್ತಾರೆ. ಡಬ್ಲ್ಯು 320 ಎಂಬ ದರ್ಜೆಯೆಂದರೆ ಒಂದು ಪೌಂಡಿಗೆ 300ರಿಂದ 320ರವರೆಗೆ ತೂಗುವ ಇಡೀ ಬೀಜ. ಡಬ್ಲ್ಯು 180 ಅದಕ್ಕಿಂತ ಬಹಳ ದಪ್ಪ. ಒಂದು ಬೀಜ ಎರಡಾಗಿ ಒಡೆದರೆ ಅದರ ಬೆಲೆಯೇ ಇಳಿಯುತ್ತದೆ. ಆದ್ದರಿಂದ ಪೊರೆ ಬಿಡಿಸುವ ಹೆಂಗಸರ ಬೆರಳ ತುದಿಯಲ್ಲಿ ವೇಗವೂ ಇರಬೇಕು, ಮೃದುತ್ವವೂ ಇರಬೇಕು. ಅವರ ಕೂಲಿ ತೂಕದ ಲೆಕ್ಕದ್ದು.

ನಮ್ಮ ವಿದ್ಯಾರ್ಥಿಗಳು ಸ್ಟಾಪ್‌ವಾಚ್ ಹಿಡಿದು ಒಬ್ಬೊಬ್ಬರ ಎದುರಿಗೆ ನಿಂತರು. ಅಲ್ಲಿಯವರೆಗೆ ತುಳುವಿನಲ್ಲಿ ಮಾತನಾಡಿಕೊಂಡು, ನಡುನಡುವೆ ಬೆನ್ನು ನೇರ ಮಾಡಿಕೊಳ್ಳುತ್ತಿದ್ದ ಹೆಂಗಸರು ಮಾತು ನಿಲ್ಲಿಸಿದರು; ಕೈಗಳು ಬೇಗ ಬೇಗ ಓಡಿದವು. ನೋಡುವವರಿದ್ದಾರೆ ಎಂಬ ಕಾರಣಕ್ಕೇ ಅವರು ಹಾಗೆ ಮಾಡಿದ್ದು. ಸರಾಸರಿ ತೆಗೆದು, ಸುಂದರವಾದ ವರದಿ ಬರೆದು, ಕಾರ್ಖಾನೆಯ ಕಚೇರಿಗೆ ಒಂದು ಪ್ರತಿ ಕೊಟ್ಟು ಬಂದೆವು. ಮರುವರ್ಷ ಮತ್ತೆ ಹೋದಾಗ ಬಾಗಿಲಲ್ಲೇ ಹಿರಿಯ ಹೆಂಗಸೊಬ್ಬರು ನನ್ನನ್ನು ನಿಲ್ಲಿಸಿ, "ನಿಮ್ಮ ಮಕ್ಕಳು ಗಡಿಯಾರ ಹಿಡಿದು ಬಂದು ಹೋದ ಮೇಲೆ ನಾವು ದಿನಕ್ಕೆ ಬಿಡಿಸಬೇಕಾದದ್ದು ಎರಡು ಕಿಲೋ ಹೆಚ್ಚಾಯಿತು ಮಾಸ್ಟ್ರೇ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ತಪ್ಪು ಎಲ್ಲಿತ್ತು ಎಂಬುದನ್ನು ಅಂಕಿಯಲ್ಲಿಯೇ ತೋರಿಸಬಹುದು. ಗಡಿಯಾರದಲ್ಲಿ ಕಂಡ ಸಮಯ 40 ಸೆಕೆಂಡು ಎಂದಿಟ್ಟುಕೊಳ್ಳಿ. ಕೆಲಸಗಾರ್ತಿ ಎಂದಿನ ವೇಗಕ್ಕಿಂತ ಐದರಲ್ಲಿ ಒಂದು ಪಾಲು ಹೆಚ್ಚಿನ ವೇಗದಲ್ಲಿದ್ದರೆ, ಎಂದಿನ ವೇಗವನ್ನು 100 ಎಂದು ಹಿಡಿದು ಅಳೆಯುವ ಅವರ ರೇಟಿಂಗ್ 120 ಆಗುತ್ತದೆ. ಮೂಲ ಸಮಯ, ಅಂದರೆ ಎಂದಿನ ವೇಗದಲ್ಲಿ ಬೇಕಾಗುವ ಸಮಯ, 48 ಸೆಕೆಂಡಿಗೆ ಏರುತ್ತದೆ. ಅದರ ಮೇಲೆ ವೈಯಕ್ತಿಕ ಅಗತ್ಯಗಳಿಗೆ ಮತ್ತು ದಣಿವಿಗೆ ರಿಯಾಯಿತಿ ಕೊಡಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೂಲಕ ಬಳಕೆಗೆ ಬಂದ ಕೋಷ್ಟಕದಲ್ಲಿ ಮಹಿಳೆಯರಿಗೆ ಇದು ಕನಿಷ್ಠ ಶೇ. 7 ಮತ್ತು ಶೇ. 4, ಒಟ್ಟು ಶೇ. 11. ಬಗ್ಗಿ ಕೂರುವುದಕ್ಕೆ, ಕಣ್ಣಿಗೆ ಬೀಳುವ ಶ್ರಮಕ್ಕೆ, ಒಂದೇ ಚಲನೆಯ ಬೇಸರಕ್ಕೆ ಸೇರಿಸಬೇಕಾದದ್ದು ಬೇರೆ. ಅವನ್ನೆಲ್ಲ ಬಿಟ್ಟರೂ ಪ್ರಮಾಣ ಸಮಯ 53 ಸೆಕೆಂಡನ್ನು ದಾಟುತ್ತದೆ. ನಾವು ಬರೆದುಕೊಟ್ಟದ್ದು ಕಂಡ ಸಮಯ. ಕಚೇರಿ ಅದನ್ನೇ ಪ್ರಮಾಣವೆಂದು ಹಿಡಿಯಿತು. 40ಕ್ಕೂ 53ಕ್ಕೂ ನಡುವಿನ 13 ಸೆಕೆಂಡು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಆ ಜಗಲಿಯಲ್ಲಿ ಅದು ಒಬ್ಬ ಹೆಂಗಸಿನ ಬೆನ್ನು.

ಆ ದಿನದಿಂದ ಮೂರು ಕ್ರಮಗಳನ್ನು ಬಿಡದೆ ಪಾಲಿಸುತ್ತ ಬಂದಿದ್ದೇವೆ. ಮೊದಲ ಭೇಟಿಯಲ್ಲಿ ಗಡಿಯಾರ ಹೊರಗೆ ತೆಗೆಯುವಂತಿಲ್ಲ. ಏಕೆ ಬಂದಿದ್ದೇವೆಂದು ಹೇಳಿ, ಒಪ್ಪಿಗೆ ಕೇಳಿ, ಎರಡು ಗಂಟೆ ನೋಡಿ ಬರುವುದು. ಯಾರ ಕೆಲಸವನ್ನು ಅಳೆದೆವೋ ಅವರು ವರದಿಯನ್ನು ಮೊದಲು ಕೇಳಬೇಕು, ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ ಬ್ಯಾರಿಯಲ್ಲಾಗಲಿ ಅವರಿಗೆ ಅರ್ಥವಾಗುವಂತೆ ವಿದ್ಯಾರ್ಥಿ ಓದಿ ಹೇಳಬೇಕು. ಒಬ್ಬ ವ್ಯಕ್ತಿಯನ್ನು ಗುರುತಿಸಬಹುದಾದ ಯಾವ ಅಂಕಿಯೂ ಮಾಲೀಕರ ಕೈಗೆ ಹೋಗಬಾರದು. ಈ ಮೂರನೆಯದನ್ನು ಒಪ್ಪದ ಕಡೆ ನಾವು ಹೋಗುವುದಿಲ್ಲ. ಹಾಗೆ ಕೈಬಿಟ್ಟ ಒಳ್ಳೆಯ ಕಾರ್ಖಾನೆಗಳೂ ಇವೆ.

ರೇಟಿಂಗ್ ಎಂಬುದು ಕಣ್ಣಿಗೆ ಬರಬೇಕಾದ ವಿದ್ಯೆಯಾದ್ದರಿಂದ ಅದನ್ನು ಮೊದಲು ತರಗತಿಯಲ್ಲಿ ಇಸ್ಪೀಟಿನ ಎಲೆಗಳಿಂದ ಅಭ್ಯಾಸ ಮಾಡಿಸುತ್ತೇನೆ. 52 ಎಲೆಗಳನ್ನು ನಾಲ್ಕು ರಾಶಿಗಳಾಗಿ ಅರ್ಧ ನಿಮಿಷದಲ್ಲಿ ಹಂಚುವುದನ್ನು ಸಾಮಾನ್ಯ ವೇಗವೆಂದು ಬಹಳ ಹಿಂದಿನಿಂದಲೂ ಈ ವಿಷಯದಲ್ಲಿ ಒಪ್ಪಿಕೊಂಡಿದ್ದಾರೆ. ಒಬ್ಬರು ಹಂಚುತ್ತಾರೆ, ಉಳಿದವರು ಗಡಿಯಾರ ನೋಡದೆ ವೇಗವನ್ನು ಅಂದಾಜು ಮಾಡಿ ಬರೆಯುತ್ತಾರೆ, ಆಮೇಲೆ ಹೋಲಿಸುತ್ತಾರೆ. ಹತ್ತು ಸುತ್ತಿನ ನಂತರವೂ ಅಂದಾಜುಗಳಲ್ಲಿ ಎಷ್ಟು ವ್ಯತ್ಯಾಸ ಉಳಿಯುತ್ತದೆ ಎಂಬುದನ್ನು ಕಂಡವರು ಮುಂದೆ ಇನ್ನೊಬ್ಬರ ಕೆಲಸಕ್ಕೆ ಅಂಕಿ ಕೊಡುವಾಗ ಎಚ್ಚರವಾಗಿರುತ್ತಾರೆ.

ತರಗತಿಯೊಳಗೆ ಮಾಡಿಸುವ ಇನ್ನೊಂದು ಪ್ರಯೋಗವನ್ನು ನಾನು ಬಹಳ ಮೆಚ್ಚುತ್ತೇನೆ. ಎಡ್ವರ್ಡ್ಸ್ ಡೆಮಿಂಗ್ ತಮ್ಮ ಉಪನ್ಯಾಸಗಳಲ್ಲಿ ನಡೆಸುತ್ತಿದ್ದ ಕೆಂಪು ಮಣಿಗಳ ಪ್ರಯೋಗವದು. ಒಂದು ಡಬ್ಬಿಯಲ್ಲಿ ಬಿಳಿ ಮತ್ತು ಕೆಂಪು ಮಣಿಗಳು ಬೆರೆತಿರುತ್ತವೆ, ಐದರಲ್ಲಿ ಒಂದು ಕೆಂಪು. 50 ಕುಳಿಗಳಿರುವ ಹಲಗೆಯನ್ನು ಡಬ್ಬಿಯಲ್ಲಿ ಮುಳುಗಿಸಿ ಎತ್ತಬೇಕು. ಕೆಂಪು ಮಣಿ ಬಂದರೆ ಅದು ದೋಷ. ಆರು ವಿದ್ಯಾರ್ಥಿಗಳು ಕೆಲಸಗಾರರು, ನಾನು ಮೇಲ್ವಿಚಾರಕ. 6 ಕೆಂಪು ಬಂದವನನ್ನು ಎಲ್ಲರೆದುರು ಹೊಗಳುತ್ತೇನೆ, 14 ಬಂದವಳನ್ನು ಗದರಿಸುತ್ತೇನೆ. ಎರಡನೆಯ ಸುತ್ತಿಗೆ ಹೊಗಳಿಸಿಕೊಂಡವನಿಗೆ 12 ಬರುತ್ತದೆ, ಗದರಿಸಿಕೊಂಡವಳಿಗೆ 9 ಬರುತ್ತದೆ, ಆಗ ನನ್ನ ಗದರಿಕೆಯೇ ಫಲ ಕೊಟ್ಟಿತೆಂದು ಘೋಷಿಸುತ್ತೇನೆ. ಇಡೀ ತರಗತಿ ಚಡಪಡಿಸುತ್ತದೆ. ಆಮೇಲೆ ಕಪ್ಪುಹಲಗೆಯ ಬಳಿಗೆ ಹೋಗಿ ಲೆಕ್ಕ ಮಾಡುತ್ತೇವೆ: ಸರಾಸರಿ 10, ಮೂರು ಸಿಗ್ಮಾ ಮಿತಿಗಳು, ಅಂದರೆ ಬರಿಯ ಆಕಸ್ಮಿಕ ಏರಿಳಿತದ ಎಲ್ಲೆಗಳು, ಸುಮಾರು 1.5 ಮತ್ತು 18.5. ಅಂದರೆ 2ರಿಂದ 18ರವರೆಗೆ ಏನೇ ಬಂದರೂ ಅದು ಡಬ್ಬಿಯ ಗುಣ, ಹಿಡಿದ ಕೈಯ ಗುಣವಲ್ಲ. ಈ ಮಿತಿಗಳನ್ನು ಗೆರೆಗಳಾಗಿ ತೋರಿಸುವ, ವಾಲ್ಟರ್ ಶ್ಯೂಹಾರ್ಟ್ 1924ರಲ್ಲಿ ರೂಪಿಸಿದ ನಿಯಂತ್ರಣ ನಕ್ಷೆಯನ್ನು ಸೂತ್ರವಾಗಿ ಹೇಳಿಕೊಡಲು ಹತ್ತು ನಿಮಿಷ ಸಾಕು. ಕಾರಣವಿಲ್ಲದೆ ಗದರಿಸಿಕೊಂಡ ಆ ಹುಡುಗಿ ಮಾತ್ರ ಅದನ್ನು ಮರೆಯಲಾರಳು. ಪ್ರಯೋಗ ಮುಗಿದ ಕೂಡಲೇ ಆಕೆಯ ಬಳಿ ಕ್ಷಮೆ ಕೇಳುವುದನ್ನು ನಾನು ತಪ್ಪಿಸುವುದಿಲ್ಲ.

ಸರದಿ ಸಾಲಿನ ಪಾಠ ಹಾಸ್ಟೆಲಿನ ಮೆಸ್ಸಿನಲ್ಲಿ ನಡೆಯುತ್ತದೆ. ಸಾಲಿನ ಕೊನೆಯಲ್ಲಿ ಸೇರುವವರ ಕೈಗೆ ಸಮಯ ಬರೆದ ಚೀಟಿ ಕೊಟ್ಟು, ಅನ್ನ ಬಡಿಸುವ ಕೌಂಟರಿನಲ್ಲಿ ಅದನ್ನು ಮರಳಿ ಪಡೆಯುವುದು. ಸಾಲಿನಲ್ಲಿ ಸರಾಸರಿ 48 ಜನರಿದ್ದು, ನಿಮಿಷಕ್ಕೆ 8 ಜನ ಬಂದು ಸೇರುತ್ತಿದ್ದರೆ, ಸರಾಸರಿ ಕಾಯುವಿಕೆ 6 ನಿಮಿಷ ಇರಬೇಕು; ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮವಿದು. ನಡುವೆ ನುಗ್ಗುವ ಗೆಳೆಯರಿಂದ ಲೆಕ್ಕ ಕೆಟ್ಟಿತೆಂದು ಒಂದು ತಂಡ ನನ್ನ ಬಳಿ ದೂರು ತಂದಿತು. ಚೀಟಿಗಳನ್ನು ಮತ್ತೆ ಕೂಡಿಸಿ ನೋಡಲು ಹೇಳಿದೆ. ಸರಾಸರಿ ಬಹುತೇಕ ಆರರ ಹತ್ತಿರವೇ ಇತ್ತು. ಆದರೆ ಕೆಲವರು ಒಂದು ನಿಮಿಷದಲ್ಲಿ ಊಟ ಪಡೆದಿದ್ದರು, ಕೆಲವರು ಹದಿಮೂರು ನಿಮಿಷ ನಿಂತಿದ್ದರು. ಸರಾಸರಿಯೊಂದೇ ನ್ಯಾಯದ ಅಳತೆಯಾಗಲಾರದು ಎಂಬುದನ್ನು ಅವರು ಚೀಟಿಗಳಿಂದ ಕಲಿತರು, ನಾನು ಹೇಳಬೇಕಾಗಲಿಲ್ಲ.

ಉತ್ಪಾದನಾ ಯೋಜನೆಯ ಪಾಠಕ್ಕೆ ಉಡುಪಿಯಲ್ಲಿರುವವರು ದೂರ ಹೋಗಬೇಕಾಗಿಲ್ಲ. ಶ್ರೀಕೃಷ್ಣ ಮಠದ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಎರಡು ವರ್ಷಗಳಿಗೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ರಂದು ಹೋಗುತ್ತದೆ. ಹಿಂದೆ ಎರಡು ತಿಂಗಳಿದ್ದ ಈ ಅವಧಿಯನ್ನು 16ನೇ ಶತಮಾನದಲ್ಲಿ ವಾದಿರಾಜ ತೀರ್ಥರು ಎರಡು ವರ್ಷಕ್ಕೆ ಏರಿಸಿದರು. ಪರ್ಯಾಯ ಎಂದು ಕರೆಯುವ ಈ ಹಸ್ತಾಂತರಕ್ಕೆ ಒಂದು ವರ್ಷಕ್ಕೂ ಮೊದಲೇ ಬಾಳೆ ಮುಹೂರ್ತವಾಗುತ್ತದೆ, ನಂತರ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ದಿನ ಹತ್ತಿರ ಬಂದಾಗ ಭತ್ತ ಮುಹೂರ್ತ. ಭಕ್ತಿಯ ಮಾತನ್ನು ಭಕ್ತರಿಗೆ ಬಿಡುತ್ತೇನೆ; ಯೋಜನೆಯ ದೃಷ್ಟಿಯಿಂದ ಈ ಅನುಕ್ರಮವನ್ನು ನೋಡಿ. ಬಾಳೆ ಬೆಳೆದು ಎಲೆ ಕೊಡಲು ಕಾಲ ಬೇಕು, ಹಸಿ ಕಟ್ಟಿಗೆ ಒಣಗಲು ಕಾಲ ಬೇಕು. ಯಾವುದಕ್ಕೆ ಹೆಚ್ಚು ಕಾಲ ಬೇಕೋ ಅದನ್ನು ಮೊದಲು ಆರಂಭಿಸಬೇಕು, ಕೊನೆಯ ದಿನದಿಂದ ಹಿಂದಕ್ಕೆ ಎಣಿಸಬೇಕು. 1960ರ ದಶಕದ ನಂತರ ಕಾರ್ಖಾನೆಗಳು ಕಂಪ್ಯೂಟರಿನಲ್ಲಿ ಮಾಡುವ ಸಾಮಗ್ರಿ ಯೋಜನೆಯ ತಿರುಳೂ ಇದೇ. ರಥಬೀದಿಯ ಹಿರಿಯರನ್ನು ಮಾತನಾಡಿಸಿ, ಸಾವಿರಾರು ಜನರ ಅನ್ನಪ್ರಸಾದಕ್ಕೆ ಏನೇನು, ಯಾವಾಗ, ಎಲ್ಲಿಂದ ಬರುತ್ತದೆ ಎಂಬ ಪಟ್ಟಿಯನ್ನು ಕೊನೆಯ ದಿನದಿಂದ ಹಿಂದಕ್ಕೆ ಬರೆದು ತಂದ ವಿದ್ಯಾರ್ಥಿಗಳಿಗೆ 'ಲೀಡ್ ಟೈಮ್' (ಒಂದು ವಸ್ತು ಸಿದ್ಧವಾಗಿ ಕೈಗೆ ಬರಲು ಹಿಡಿಯುವ ಕಾಲ) ಎಂಬ ಮಾತನ್ನು ನಾನು ವಿವರಿಸಬೇಕಾಗುವುದಿಲ್ಲ. ಕಟ್ಟಿಗೆಯನ್ನು ರಥದ ಆಕಾರದಲ್ಲಿ ಜೋಡಿಸಿಡುವ ರೀತಿಯ ಮೇಲೆಯೇ ಒಬ್ಬಳು ದಾಸ್ತಾನಿನ ಲೆಕ್ಕ ಮಾಡಿ ತಂದಿದ್ದಳು, ರಾಶಿಯ ಎತ್ತರವನ್ನು ನೋಡಿಯೇ ಉಳಿದಿರುವ ದಿನಗಳನ್ನು ಅಂದಾಜು ಮಾಡಬಹುದೆಂದು.

ನಮ್ಮ ಕರಾವಳಿಯಲ್ಲಿ ಇಂತಹ ಜಾಗಗಳಿಗೆ ಕೊರತೆಯಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಈ ಊರಿಗೆ ಕಾರ್ಖಾನೆಯ ಶಿಸ್ತು ಹೊಸದಲ್ಲ. ಬೈಕಂಪಾಡಿ ಕೈಗಾರಿಕಾ ಪ್ರದೇಶದ ಶೆಡ್ಡುಗಳಿವೆ, ಮನೆಯ ಜಗಲಿಯಲ್ಲಿ ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟುವವರಿದ್ದಾರೆ, ನಿಮಿಷ ತಪ್ಪಿದರೆ ಜಗಳಕ್ಕೇ ನಿಲ್ಲುವ ಖಾಸಗಿ ಬಸ್ಸುಗಳ ಟೈಮ್ ಕೀಪರುಗಳಿದ್ದಾರೆ.

ಸಹೋದ್ಯೋಗಿಗಳು ನನ್ನಲ್ಲಿ ಕೇಳುವ ಪ್ರಶ್ನೆಗಳಿಗೆ ಬರುತ್ತೇನೆ. ಅರುವತ್ತು ಜನರ ತರಗತಿಯನ್ನು ಅಡುಗೆಮನೆಗೆ ಒಯ್ಯುವುದು ಹೇಗೆ? ಒಯ್ಯಬಾರದು. ನಾಲ್ವರ ತಂಡದಂತೆ ಹದಿನೈದು ಜಾಗಗಳು ಬೇಕು, ಅವನ್ನು ಹಿಂದಿನ ಸೆಮಿಸ್ಟರಿನಲ್ಲೇ ಅಧ್ಯಾಪಕರು ಹುಡುಕಿ, ಮಾತನಾಡಿ, ಪತ್ರ ಕೊಟ್ಟು ಇಟ್ಟುಕೊಂಡಿರಬೇಕು. ಎರಡು ಗಂಟೆಯ ಪ್ರಯೋಗಾಲಯದ ಅವಧಿ ಸಾಲುವುದಿಲ್ಲವಾದ್ದರಿಂದ ವಾರಕ್ಕೆ ಒಂದು ಅರ್ಧ ದಿನವನ್ನು ವೇಳಾಪಟ್ಟಿಯಲ್ಲೇ ಬಿಡಿಸಿಕೊಳ್ಳಬೇಕು; ಇದಕ್ಕಾಗಿ ವಿಭಾಗದಲ್ಲಿ ವಾದ ಮಾಡಬೇಕಾಗುತ್ತದೆ, ಮಾಡಿ. ಯಂತ್ರಗಳನ್ನು ಮುಟ್ಟುವಂತಿಲ್ಲ ಎಂಬುದನ್ನು ಬರವಣಿಗೆಯಲ್ಲೇ ಕೊಡಿ. ಹಣದ ಮಾತು ಬಂದರೆ, ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯ 2007ರಲ್ಲಿ ಕಲಿಕೆಗಾಗಿಯೇ ನಿಜವಾದ ಯಂತ್ರಗಳಿರುವ ಒಂದು ಕಾರ್ಖಾನೆಯನ್ನು ತೆರೆಯಿತು. ಅಂತಹುದು ನಮಗೂ ಬಂದರೆ ಬಹಳ ಸಂತೋಷ. ಬರುವವರೆಗೆ ರಟ್ಟು, ನೂಲು, ಗುಂಡುಸೂಜಿ, ಮಣಿಗಳು ಮತ್ತು ಬಸ್ಸಿನ ಚಾರ್ಜು ಇಷ್ಟರಲ್ಲಿ ಒಂದು ಸೆಮಿಸ್ಟರ್ ನಡೆಯುತ್ತದೆ.

ಮೊಬೈಲಿನಲ್ಲಿ ವಿಡಿಯೋ ಮಾಡಿ ತಂದು ತರಗತಿಯಲ್ಲಿ ನೋಡಬಾರದೇ ಎಂದು ಕೇಳುವವರಿದ್ದಾರೆ. ಗಿಲ್ಬ್ರೆತ್ ದಂಪತಿಗಳು ನೂರು ವರ್ಷಗಳ ಹಿಂದೆಯೇ ಫಿಲ್ಮ್ ಬಳಸಿದ್ದರು, ಆದ್ದರಿಂದ ಸಾಧನದ ಮೇಲೆ ನನಗೆ ತಕರಾರಿಲ್ಲ. ಮೊದಲ ಎರಡು ಭೇಟಿಗಳಲ್ಲಿ ಮಾತ್ರ ಅದಕ್ಕೆ ಅವಕಾಶ ಕೊಡುವುದಿಲ್ಲ. ಕ್ಯಾಮೆರಾ ಕೈಯಲ್ಲಿದ್ದರೆ ಕಣ್ಣು ವಿಶ್ರಾಂತಿಗೆ ಹೋಗುತ್ತದೆ. ಟೊಯೋಟಾದ ತಾಯಿಚಿ ಓಹ್ನೊ ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು, ಅದರೊಳಗೆ ಶಿಷ್ಯರನ್ನು ಗಂಟೆಗಟ್ಟಲೆ ನಿಲ್ಲಿಸಿ, ಏನು ಕಂಡಿತೆಂದು ಕೇಳುತ್ತಿದ್ದರೆಂದು ಅವರ ಬಳಿ ಕಲಿತವರು ಹೇಳುತ್ತಾರೆ. ಒಂದೇ ಜಾಗದಲ್ಲಿ ಒಂದು ಗಂಟೆ ನಿಂತ ಮೇಲೆ ಕಾಣಲು ಶುರುವಾಗುವ ಸಂಗತಿಗಳು ಬೇರೆಯೇ.

ಅಂಕ ಕೊಡುವುದು ಹೇಗೆ ಎಂಬುದು ಕಷ್ಟದ ಪ್ರಶ್ನೆ, ನಾನು ಇನ್ನೂ ಬದಲಿಸುತ್ತಲೇ ಇದ್ದೇನೆ. ಈಗ ಅರ್ಧ ಅಂಕ ಸ್ಥಳದಲ್ಲೇ ಬರೆದ ನೋಟ್‌ಬುಕ್ಕಿಗೆ; ಅದರ ಮೇಲೆ ಹಿಟ್ಟಿನ ಕಲೆ, ಎಣ್ಣೆಯ ಕಲೆ ಇದ್ದರೆ ಸಂತೋಷ, ಮನೆಯಲ್ಲಿ ಕುಳಿತು ಚೆನ್ನಾಗಿ ಬರೆದ ಪ್ರತಿಯನ್ನು ಸ್ವೀಕರಿಸುವುದಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ ಯಾವಾಗಲೂ ಸಣ್ಣದು: ಭಟ್ಟರು ದೋಸೆಯನ್ನು ಯಾವ ಕೈಯಿಂದ ಮಗುಚುತ್ತಾರೆ? ಬೀಜ ಬಿಡಿಸುವ ಹೆಂಗಸು ಚೂರಿಯನ್ನು ಕೆಳಗಿಡುವುದು ಯಾವಾಗ? ನಿಂತು ನೋಡಿದವರು ತಕ್ಷಣ ಕೈಯಾಡಿಸಿ ತೋರಿಸುತ್ತಾರೆ. ನೋಡದವರು ನನ್ನ ಮುಖ ನೋಡುತ್ತಾರೆ.

ಈ ವರ್ಷದ ಕೆಲಸ ಮಲ್ಪೆಯ ಮೀನುಗಾರಿಕಾ ಬಂದರಿನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಆ ಎರಡು ತಿಂಗಳಲ್ಲಿ ಧಕ್ಕೆ, ಅಂದರೆ ದೋಣಿಗಳಿಂದ ಮೀನು ಇಳಿಸುವ ಕಟ್ಟೆ, ಖಾಲಿಯಿರುತ್ತದೆ. ಆಗಲೇ ಟೇಪು ಹಿಡಿದು ಹರಾಜಿನ ಜಾಗ, ಐಸಿನ ಜಾಗ, ಲಾರಿ ನಿಲ್ಲುವ ಜಾಗಗಳ ನಕ್ಷೆ ಬರೆದಿಟ್ಟುಕೊಳ್ಳುತ್ತೇವೆ. ಆಗಸ್ಟಿನಲ್ಲಿ ದೋಣಿಗಳು ಹೊರಟ ಮೇಲೆ, ಮೀನು ದೋಣಿಯಿಂದ ಇಳಿದು ಐಸಿನೊಳಗೆ ಸೇರುವವರೆಗೆ ಎಷ್ಟು ನಿಮಿಷ ಬಿಸಿಲಿನಲ್ಲಿರುತ್ತದೆ, ತಲೆಹೊರೆಯ ಬುಟ್ಟಿ ಎಷ್ಟು ಸಲ ನೆಲಕ್ಕಿಳಿದು ಮತ್ತೆ ಏರುತ್ತದೆ ಎಂಬುದನ್ನು ನೋಡಬೇಕಾಗಿದೆ. ಬುಟ್ಟಿ ಹೊರುವ ಹೆಂಗಸರಲ್ಲಿ ಮೂವರ ಬಳಿ ಈಗಾಗಲೇ ಮಾತನಾಡಿದ್ದೇವೆ. ನೂಲಿನ ನಕ್ಷೆಯನ್ನು ಮೊದಲು ತಮಗೇ ತೋರಿಸಬೇಕೆಂದು ಅವರು ಹೇಳಿದ್ದಾರೆ. ಜೊತೆಗೆ ಬರಲು ಇಷ್ಟವಿರುವ ಅಧ್ಯಾಪಕರು ಬೆಳಗಿನ ಐದೂವರೆಗೆ ಬಂದರಿನ ಬಾಗಿಲ ಬಳಿ ಸೇರಬಹುದು. ನೆಲ ಸದಾ ಒದ್ದೆಯಿರುತ್ತದೆ, ಜಾರದ ರಬ್ಬರಿನ ಬೂಟು ಹಾಕಿಕೊಂಡು ಬನ್ನಿ.